ಪೂರುವಿನ ಮುಪ್ಪು

ತಂದೆ ಯಯಾತಿಯ ಮುಪ್ಪನ್ನು ಪೂರು ತಿಳಿದು, ಒಪ್ಪಿ, ತೊಟ್ಟುಕೊಂಡನು; ಕಾಲಾಂತರದಲ್ಲಿ ಅವನ ಯೌವನವು ಅವನಿಗೆ ಮರಳಿತು. ಈ ಎರಡು ಭಾಗ್ಯಗಳೂ ಇಲ್ಲದವರು ಬಾಲ್ಯದಲ್ಲಿ ಕ್ಯಾನ್ಸರಿನಿಂದ ಪಾರಾಗಿ ಬೆಳೆದವರು.

ಅಮೆರಿಕದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯು 1962ರಲ್ಲಿ ತೆರೆದಾಗ ರಕ್ತದ ಕ್ಯಾನ್ಸರು ತಗುಲಿದ ಮಗು ಉಳಿಯುವುದು ಅಪೂರ್ವವಾಗಿದ್ದಿತು. ಉಗ್ರವಾದ ಔಷಧಗಳೂ ವಿಕಿರಣವೂ ಮುಂದೆ ಅನೇಕರನ್ನು ಉಳಿಸಿದುವು. ಆದರೆ ಆ ಅಸ್ತ್ರಗಳು ನಿರೋಗಿಯಾದ ಜೀವಕೋಶದ ಡಿಎನ್‌ಎಯನ್ನೂ ಘಾಸಿಗೊಳಿಸುತ್ತವೆ. ಪೆಟ್ಟು ತಿಂದ ಕೋಶವು ಕೆಲವೊಮ್ಮೆ ಸಾಯದೆ, ವಿಭಜಿಸದೆ, ನೆರೆಯ ಕೋಶಗಳಿಗೆ ಉರಿಯೂತವನ್ನು ಹಬ್ಬಿಸುತ್ತ ಕುಳಿತುಬಿಡುತ್ತದೆ. ಇದೇ ಕೋಶದ ಅಕಾಲ ಮುಪ್ಪು. ಹೀಗೆ ಉಳಿದವರನ್ನು ಸರಾಸರಿ 33ರ ವಯಸ್ಸಿನಲ್ಲಿ ಪರೀಕ್ಷಿಸಿ ಅದೇ ಆಸ್ಪತ್ರೆಯವರು 2013ರಲ್ಲಿ ಪ್ರಕಟಿಸಿದಂತೆ, ಸ್ತ್ರೀಯರಲ್ಲಿ ನೂರಕ್ಕೆ 13 ಮಂದಿಗೆ 65 ದಾಟಿದವರ ಬಗೆಯ ನಿಶ್ಶಕ್ತಿಯಿದ್ದಿತು.

ತಂದೆತಾಯಿಗಳು ಒಪ್ಪಿದರು; ಮೂರು ವರ್ಷದ ಕೂಸು ಏನನ್ನು ಒಪ್ಪೀತು? ಸಾವೊಂದೇ ಇನ್ನೊಂದು ದಾರಿಯಾಗಿದ್ದಾಗ ನಾನಾದರೂ ಒಪ್ಪುತ್ತಿದ್ದೆ, ಅದನ್ನು ಅನ್ಯಾಯವೆನ್ನಲಾರೆ. ಆದರೆ ಮಗುವಿನ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಹೊಣೆ ದೊಡ್ಡವರದು. ‘ಗುಣವಾಯಿತು’ ಎಂದ ದಿನ ಅದು ತೀರಲಿಲ್ಲ. ಆ ಆಸ್ಪತ್ರೆಯು 2007ರಿಂದ ಹಳೆಯ ರೋಗಿಗಳನ್ನು ಮರಳಿ ಕರೆದು ನೋಡುತ್ತಿರುವುದು ಈ ಋಣವನ್ನು ಒಪ್ಪಿಕೊಂಡಂತೆ. ಮನೆಯವರಾದ ನಾವೋ, ಅವರು ದಣಿವೆಂದರೆ ಕೃತಘ್ನತೆಯೆನ್ನುತ್ತೇವೆ. ಮೂವತ್ತರಲ್ಲಿಯೇ ಮೆಟ್ಟಿಲೇರಿ ಏದುಸಿರುಬಿಡುವ ಜೀವಕ್ಕೆ ‘ಬದುಕಿರುವೆಯಲ್ಲ’ ಎನ್ನುವ ಅಧಿಕಾರ ನಮಗೆಲ್ಲಿಂದ ಬಂದಿತು?