ರೂಬೇನನು ತಡವಾಗಿ ಬಂದನು

ಯೌವನಸ್ಥರ ಆರಾಧನೆ. ವಾಕ್ಯಭಾಗ: ಆದಿಕಾಂಡ 37:18–30

ಮುಂದಿನ ಶನಿವಾರ ನಮ್ಮ ಯೂತ್ ಟೀಮ್ ಹೊಳೆಆಲೂರಿಗೆ ಹೋಗ್ತಾ ಇದೆ. ಅಲ್ಲಿನ ತಂದೆತಾಯಂದಿರ ಜೊತೆ, ಮಕ್ಕಳ ಜೊತೆ ಕೂತು ಮಾನವ ಕಳ್ಳಸಾಗಣೆಯ ಬಗ್ಗೆ ಮಾತಾಡಬೇಕು. ಅದಕ್ಕೆ ಮೊದಲು ವಾಕ್ಯ ನಮ್ಮ ಜೊತೆ ಮಾತಾಡಲಿ.

ಯೋಸೇಫನಿಗೆ ಆಗ 17 ವರ್ಷ. ಮಾರಿದವರು ಯಾರು? ಸ್ವಂತ ಅಣ್ಣಂದಿರು. ಬೆಲೆ 20 ಬೆಳ್ಳಿ ನಾಣ್ಯ. ಪ್ರಿಯರೇ, ಕಳ್ಳಸಾಗಣೆ ಅಂದ್ರೆ ಯಾರೋ ಮುಸುಕು ಹಾಕಿದವರು ವ್ಯಾನಿನಲ್ಲಿ ಎತ್ತಿಕೊಂಡು ಹೋಗೋದು ಅಂತ ತಿಳಿದಿದ್ದೀವಿ. ಎಷ್ಟೋ ಸಲ ಬರೋದು ಪರಿಚಯದವರೇ. ದೂರದ ಸಂಬಂಧಿ, ಓಣಿಯ ಅಕ್ಕ, ಇನ್‌ಸ್ಟಾಗ್ರಾಮ್‌ನಲ್ಲಿ ಪ್ರೀತಿಸ್ತೀನಿ ಅಂದ ಹುಡುಗ.

ಹೊಳೆಆಲೂರು ಮಲಪ್ರಭೆಯ ದಂಡೆಯ ಊರು. 2009ರಲ್ಲಿ, ಮತ್ತೆ 2019ರಲ್ಲಿ ಆ ಸೀಮೆ ಪ್ರವಾಹ ಕಂಡಿದೆ. ಮಳೆ ಕೈಕೊಟ್ಟ ವರ್ಷ ಜನ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗ್ತಾರೆ. ದುಡಿಯಲು ಹೋಗೋದು ತಪ್ಪಲ್ಲ. ಆದರೆ ಸಾಲ ಕುತ್ತಿಗೆಗೆ ಬಂದಾಗ ಒಬ್ಬರು ಬಂದು, "ಹುಡುಗೀನ ಕಳಿಸ್ರಿ, ಊಟ, ವಸತಿ ನಾವ ನೋಡ್ಕೋತೀವಿ" ಅಂತ ಕೈಗೆ ಮುಂಗಡ ಇಟ್ಟರೆ? ಆ ಮುಂಗಡವೇ 20 ಬೆಳ್ಳಿ ನಾಣ್ಯ.

"ಅವಳೇ ಒಪ್ಪಿ ಹೋದಳಲ್ಲ" ಅಂತಾರೆ. ಶೋಷಣೆಗಾಗಿ ಮೋಸದಿಂದಲೋ ಆಮಿಷದಿಂದಲೋ ಕರೆದೊಯ್ದರೆ, ಒಪ್ಪಿಗೆ ಇತ್ತು ಅನ್ನೋ ಮಾತು ನಡೆಯೋದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಹಾಗೆ ಹೇಳುತ್ತೆ.

25ನೇ ವಚನ ನೋಡಿ. ತಮ್ಮ ಗುಂಡಿಯಲ್ಲಿದ್ದಾನೆ, ಅಣ್ಣಂದಿರು ಊಟಕ್ಕೆ ಕೂತಿದ್ದಾರೆ! ಇಲ್ಲಿ ಪವಿತ್ರಾತ್ಮನು ನನ್ನನ್ನೇ ಹಿಡಿದನು. ಕೆಲವು ವರ್ಷಗಳ ಹಿಂದೆ ವಿಶ್ವಾಸಿಗಳ ಒಂದು ಫ್ಲಾಟ್‌ಗೆ ಪ್ರಾರ್ಥನೆಗೆ ಹೋಗಿದ್ದೆ. ಹನ್ನೆರಡು ವರ್ಷದ ಹುಡುಗಿ ತಟ್ಟೆ ತಂದಿಟ್ಟಳು. ರೋಣದ ಕಡೆಯವಳು ಅಂದರು. ಶಾಲೆಗೆ ಹೋಗ್ತಾಳಾ ಅಂತ ನಾನು ಕೇಳಲಿಲ್ಲ. ಉಂಡು, ಆ ಮನೆಯನ್ನು ಆಶೀರ್ವದಿಸಿ ಬಂದೆ. ಮುಂದಿನ ಸಲ ಹೋದಾಗ ಅವಳಿರಲಿಲ್ಲ. "ಬೇರೆ ಕಡೆ ಕೆಲಸಕ್ಕೆ ಕರ್ಕೊಂಡು ಹೋದ್ರಂತೆ." ಎಲ್ಲಿಗೆ? ಯಾರಿಗೂ ಗೊತ್ತಿಲ್ಲ.

ರೂಬೇನನೂ ಹಾಗೆ. ಮನಸ್ಸು ಒಳ್ಳೆಯದೇ, ಆಮೇಲೆ ಬಿಡಿಸೋಣ ಅಂದುಕೊಂಡಿದ್ದ. ತಿರುಗಿ ಬಂದಾಗ ಗುಂಡಿ ಖಾಲಿ. ದುಃಖದಿಂದ ಬಟ್ಟೆ ಹರಿದುಕೊಂಡ. ಆದರೆ ಆ ದುಃಖ ಐಗುಪ್ತದ ದಾರಿ ಹಿಡಿದ ಒಂಟೆಗಳನ್ನು ನಿಲ್ಲಿಸಲಿಲ್ಲ.

ಅದಕ್ಕೇ, ಮಕ್ಕಳು ರೈಲು ಹತ್ತುವ ಮೊದಲೇ ಕೇಳಬೇಕು. ಕೆಲಸ ಏನು? ಮಾಲೀಕನ ಹೆಸರು, ವಿಳಾಸ ಏನು? ಆಧಾರ್, ಫೋನ್ ಯಾರ ಕೈಯಲ್ಲಿ ಇರುತ್ತೆ? ಬೇಡ ಅನಿಸಿದ ದಿನ ವಾಪಸ್ ಬರಬಹುದಾ? ಉತ್ತರ ಕೊಡದವನ ಜೊತೆ ಕಳಿಸಬೇಡಿ. ಮಕ್ಕಳಿಗಾಗಿ 1098, ತುರ್ತಿಗೆ 112. ಈ ನಂಬರ್ ಬಾಯಿಪಾಠ ಮಾಡಿಸಿ ಬನ್ನಿ.

ಹಳ್ಳಿಯವರಿಗೆ ಮಾತ್ರ ಹೇಳಿ ಬರಬೇಡಿ. ಪದವಿ ಓದಿದವರೂ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಅಂತ ನಂಬಿ, ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಲ್ಲಿ ಸಿಕ್ಕಿಬಿದ್ದರು. 2025ರ ಮಾರ್ಚ್‌ನಲ್ಲಿ ಸರ್ಕಾರ 500ಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಕರೆತಂದಿತು. ನಿಮಗೂ ಅಂಥ ಆಫರ್ ಬಂದೀತು. ಇಂದು ಮನೆಗೆ ಹೋಗಿ ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಕಣ್ಣು ತೆರೆದು ನೋಡಿ.

ತಿರುಗಿ ಬಂದ ಮಗುವಿಗೆ "ಯಾಕೆ ಹೋದೆ?" ಅನ್ನಬೇಡಿ. "ಬಂದೆಯಲ್ಲ, ಬಾ" ಅನ್ನಿ. ನಮ್ಮ ಯೇಸುವನ್ನೂ ಜೊತೆಗೆ ಉಂಡವನೇ 30 ಬೆಳ್ಳಿ ನಾಣ್ಯಕ್ಕೆ ಮಾರಿದ. ಮಾರಲ್ಪಟ್ಟವರ ನೋವು ಆತನಿಗೆ ಗೊತ್ತು.

ಕಣ್ಣು ಮುಚ್ಚೋಣ. ಕರ್ತನೇ, ನಾವು ಕೇಳದೆ ಬಿಟ್ಟ ಪ್ರಶ್ನೆಗಳಿಗಾಗಿ ಕ್ಷಮಿಸು. ಆ ಹುಡುಗಿ ಎಲ್ಲಿದ್ದರೂ ಕಾಪಾಡು. ಈ ಸಲ ನಾವು ತಡವಾಗದಂತೆ ನಮ್ಮನ್ನು ಎಬ್ಬಿಸು. ಯೇಸುವಿನ ನಾಮದಲ್ಲಿ, ಆಮೆನ್.