ಶಿಕ್ಷೆಯೋ ಶಿಕ್ಷಣವೋ?

ಹಿಂದಿ ಮಾತನಾಡುವ ತಾಯಿಯೊಬ್ಬರು ತಮ್ಮ ಮಗುವಿಗೆ ಒಳ್ಳೆಯ ‘ಶಿಕ್ಷಾ’ ಕೊಡಬೇಕು ಎಂದರೆ ಅವರ ಕಡೆಯವರೆಲ್ಲ ತಲೆದೂಗುತ್ತಾರೆ. ಅದೇ ಮಾತು ಕನ್ನಡದ ಅಜ್ಜಿಯ ಕಿವಿಗೆ ಬಿದ್ದರೆ, ಪಾಪ, ಆ ಮಗು ಏನು ತಪ್ಪು ಮಾಡಿತೋ ಎಂದು ಕಳವಳಪಡುತ್ತಾರೆ. ಯೇನಾದಂಥ ಊರಿನಲ್ಲಿ ಹಬ್ಬಕ್ಕೆ ಸೇರುವ ನಾವು ಹಲವು ಭಾಷೆಗಳವರು. ಸಂಸ್ಕೃತ ಪದಗಳು ನಮ್ಮೆಲ್ಲರ ಸಮಾನ ಆಸ್ತಿ ಎಂದುಕೊಂಡಿರುತ್ತೇವೆ. ಆಸ್ತಿ ಸಮಾನವೇ ಇರಬಹುದು, ಆದರೆ ಪಾಲಾದ ಮೇಲೆ ಒಬ್ಬೊಬ್ಬರು ಅದರಲ್ಲಿ ಒಂದೊಂದು ಬೆಳೆ ತೆಗೆದಿದ್ದಾರೆ.

ಹಿಂದಿ ಮತ್ತು ಬಂಗಾಳಿಗಳಲ್ಲಿ ಶಿಕ್ಷಾ ಎಂದರೆ ವಿದ್ಯಾಭ್ಯಾಸ. ಕನ್ನಡ, ತೆಲುಗು, ಮಲಯಾಳಗಳಲ್ಲಿ ದಂಡನೆ. ಇದು ಉತ್ತರ–ದಕ್ಷಿಣದ ಭೇದ ಎನ್ನುವಂತೆಯೂ ಇಲ್ಲ, ಏಕೆಂದರೆ ಮರಾಠಿ ನಮ್ಮ ಜೊತೆಗಿದೆ. ಕೇಂದ್ರ ಸರ್ಕಾರದ ‘ಸರ್ವ ಶಿಕ್ಷಾ ಅಭಿಯಾನ’ ಕರ್ನಾಟಕದಲ್ಲಿ ‘ಸರ್ವ ಶಿಕ್ಷಣ ಅಭಿಯಾನ’ವಾಯಿತು. 2018ರಲ್ಲಿ ಅದರ ಜಾಗಕ್ಕೆ ಬಂದ ‘ಸಮಗ್ರ ಶಿಕ್ಷಾ’ ಕೂಡ ನಮ್ಮಲ್ಲಿ ‘ಸಮಗ್ರ ಶಿಕ್ಷಣ’. ಆ ಒಂದು ‘ಣ’ ಇಲ್ಲದಿದ್ದರೆ ನಾಡಿನ ಮಕ್ಕಳಿಗೆಲ್ಲ ಶಿಕ್ಷೆ ವಿಧಿಸಿದಂತಾಗುತ್ತಿತ್ತು! ಇನ್ನೊಂದು ಕಡೆ, 2024ರ ಜೂನ್ ಕೊನೆಯವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಗೆ ತೆಲುಗಿನಲ್ಲಿ ‘ಭಾರತ ಶಿಕ್ಷಾಸ್ಮೃತಿ’ ಎಂದು ಹೆಸರು. ಹಿಂದಿಯವರಿಗೆ ಅದು ಶಾಲಾ ನಿಯಮಗಳ ಪುಸ್ತಕದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಹಾಗಾದರೆ ಯಾರ ಅರ್ಥ ಸರಿ? ಇದನ್ನು ಕೇಳಲು ಯೇನಾಕ್ಕಿಂತ ತಕ್ಕ ಊರು ಜರ್ಮನಿಯಲ್ಲಿ ಹೆಚ್ಚಿಲ್ಲ. ರುಡಾಲ್ಫ್ ರೋಟ್ ಅವರೊಡನೆ ಏಳು ಸಂಪುಟಗಳ ಸಂಸ್ಕೃತ–ಜರ್ಮನ್ ನಿಘಂಟನ್ನು ಸಿದ್ಧಪಡಿಸಿದ ಓಟ್ಟೊ ಬ್ಯೋಟ್‌ಲಿಂಕ್ 1868ರಿಂದ 1885ರವರೆಗೆ ಇಲ್ಲೇ ನೆಲೆಸಿದ್ದರು. ನಿಘಂಟು ಅಚ್ಚಾದದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಆದರೆ ‘ಶ’ಕಾರದಿಂದ ‘ಹ’ಕಾರದವರೆಗಿನ ಕೊನೆಯ ಸಂಪುಟ 1875ರಲ್ಲಿ ಮುಗಿದಾಗ ಅವರು ಯೇನಾದ ನಿವಾಸಿ. ಮೋನಿಯರ್ ವಿಲಿಯಮ್ಸ್ ನಿಘಂಟಿನ 1899ರ ಆವೃತ್ತಿಗೆ ನೆರವಾದವರಲ್ಲಿ ಇಲ್ಲಿಯ ವಿಶ್ವವಿದ್ಯಾಲಯದ ಕಾರ್ಲ್ ಕಾಪ್ಪೆಲರ್ ಕೂಡ ಒಬ್ಬರು. ಪದವೊಂದು ಯಾವ ಗ್ರಂಥದಲ್ಲಿ ಯಾವ ಅರ್ಥದಲ್ಲಿ ಬಳಕೆಯಾಗಿದೆ ಎಂದು ಹುಡುಕಿ, ಉದಾಹರಣೆಗಳೊಡನೆ ಜೋಡಿಸುವುದು ಇಂಥವರ ಪದ್ಧತಿ. ಪದದ ಅರ್ಥವನ್ನು ನಿಘಂಟುಕಾರ ಅಪ್ಪಣೆ ಕೊಡಿಸುವುದಿಲ್ಲ. ಬಳಸಿದವರನ್ನು ನೋಡಿ ಬರೆದುಕೊಳ್ಳುತ್ತಾನೆ.

ಭಾಷಾವಿಜ್ಞಾನಿಗಳು ಹೇಳುವಂತೆ ‘ಶಿಕ್ಷ್’ ಎಂಬುದು ‘ಶಕ್’ ಧಾತುವಿನ ಇಚ್ಛಾರ್ಥಕ ರೂಪ. ಶಕ್ ಎಂದರೆ ಸಮರ್ಥನಾಗು. ಶಕ್ತಿ, ಶಕ್ಯ ಎಲ್ಲ ಅದರಿಂದಲೇ ಬಂದವು. ಹಾಗಾಗಿ ಶಿಕ್ಷೆಯ ಮೂಲದಲ್ಲಿರುವುದು ‘ನನಗೆ ಇದು ಮಾಡಲು ಬರಬೇಕು’ ಎಂಬ ಆಸೆ. ಇಲ್ಲಿ ಕರ್ತೃ ಕಲಿಯುವವನು. ಕನ್ನಡದಲ್ಲೋ ಶಿಕ್ಷೆಯನ್ನು ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಅನುಭವಿಸುತ್ತಾರೆ.

ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗದ ಹೆಸರೇ ಶೀಕ್ಷಾವಲ್ಲಿ. ಅದು ವರ್ಣ, ಸ್ವರ, ಮಾತ್ರೆಗಳಿಂದ, ಅಂದರೆ ಉಚ್ಚಾರಣೆಯ ಪಾಠದಿಂದ ಆರಂಭವಾಗಿ, ಓದು ಮುಗಿಸಿದ ಶಿಷ್ಯನಿಗೆ ಗುರು ಹೇಳುವ ಹಿತವಚನಗಳವರೆಗೆ ಸಾಗುತ್ತದೆ. ತಾಯಿ, ತಂದೆ, ಗುರು, ಅತಿಥಿಗಳನ್ನು ದೇವರಂತೆ ಕಾಣು ಎಂಬ ಮಾತು ನಮಗೆಲ್ಲ ಬಾಯಿಪಾಠ. ಅದರ ಆಸುಪಾಸಿನಲ್ಲೇ ಇರುವ ಇನ್ನೆರಡು ಮಾತುಗಳನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ನಮ್ಮಲ್ಲಿರುವ ಒಳ್ಳೆಯ ನಡತೆಯನ್ನು ಮಾತ್ರ ಅನುಸರಿಸು, ಉಳಿದದ್ದನ್ನು ಬಿಡು ಎನ್ನುತ್ತಾರೆ ಗುರು. ಹೇಗೆ ನಡೆಯಬೇಕೆಂಬ ಸಂದೇಹ ಬಂದಾಗ ವಿಚಾರವಂತರನ್ನು, ಸ್ವಭಾವದಲ್ಲಿ ಒರಟರಲ್ಲದವರನ್ನು ನೋಡಿ ನಡೆ ಎಂದೂ ಹೇಳುತ್ತಾರೆ. ಶಿಷ್ಯನಿಗೆ ತನ್ನ ತಪ್ಪನ್ನೂ ಗುರುತಿಸುವ ಅಧಿಕಾರ ಕೊಟ್ಟು ಕಳಿಸುವ ಗುರು ಎಂಥವರಿರಬೇಕು!

ಇದನ್ನೆಲ್ಲ ಓದಿ, ಕನ್ನಡದವರು ಪದವನ್ನು ಕೆಡಿಸಿದರು ಎಂದುಕೊಂಡರೆ ತಪ್ಪಾದೀತು. ಕಲಿಸುವುದೂ ದಂಡಿಸುವುದೂ ಸಂಸ್ಕೃತದಲ್ಲಿಯೇ ಅಕ್ಕಪಕ್ಕದ ಮನೆಯವು. ಶಿಷ್ಯ, ಶಾಸ್ತ್ರ, ‘ತಕ್ಕ ಶಾಸ್ತಿ’ ಈ ಮೂರೂ ‘ಶಾಸ್’ ಎಂಬ ಒಂದೇ ಧಾತುವಿನ ಮಕ್ಕಳು. ನಾವು ಕೋಪ ಬಂದಾಗ ‘ಬುದ್ಧಿ ಕಲಿಸ್ತೀನಿ ನೋಡು’ ಎನ್ನುವುದು ಪಾಠ ಹೇಳಿಕೊಡಲು ಅಲ್ಲವಲ್ಲ? ಜರ್ಮನ್ ಭಾಷೆಯಲ್ಲಿಯೂ ಮಕ್ಕಳ ಪಾಲನೆಗೆ ‘ಎರ್‌ಟ್ಸೀಹುಂಗ್’, ಹೊಡೆದು ದಂಡಿಸುವುದಕ್ಕೆ ‘ಟ್ಸ್ಯುಷ್ಟಿಗುಂಗ್’. ಎರಡರ ಮೂಲವೂ ‘ಎಳೆ’ ಎಂಬ ಅರ್ಥದ ಒಂದೇ ಕ್ರಿಯಾಪದ. ಕಲಿಸುವ ಕೈ ಬಹಳ ಬೇಗ ಹೊಡೆಯುವ ಕೈಯಾಗುತ್ತದೆ ಎಂಬುದನ್ನು ಭಾಷೆಗಳು ನಮಗಿಂತ ಮೊದಲೇ ಗಮನಿಸಿದಂತಿದೆ.

ಇನ್ನೊಂದು ಎಚ್ಚರವೂ ಬೇಕು. ಧಾತು ತೋರಿಸಿ ಧರ್ಮವನ್ನು ಸಾಧಿಸಲಾಗದು. ನಾವು ಶಕ್ ಧಾತುವನ್ನು ಹಿಡಿದು ದಂಡಿಸಬಾರದು ಎಂದರೆ, ಇನ್ನೊಬ್ಬರು ಶಾಸ್ ಧಾತುವನ್ನು ಹಿಡಿದು ದಂಡಿಸಲೇಬೇಕು ಎಂದಾರು. ಪದದ ಚರಿತ್ರೆ ತೀರ್ಪು ಕೊಡುವುದಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ನೆನಪಿಸುತ್ತದೆ, ಅಷ್ಟೆ. ಆ ಪ್ರಶ್ನೆ ಹೀಗೆ: ನಾವು ಮಕ್ಕಳಿಗೆ ಕೊಡುವ ಶಿಕ್ಷೆಯ ನಂತರ ಅವರಿಗೆ ಮೊದಲು ಬಾರದಿದ್ದದ್ದು ಏನಾದರೂ ಬರುತ್ತದೆಯೇ? ಅಥವಾ ನಮ್ಮ ಕೋಪ ತಣ್ಣಗಾಗುವುದಷ್ಟೇ ಲಾಭವೇ?

ಕಾನೂನು ತನ್ನ ಪಾಲಿನ ಉತ್ತರ ಕೊಟ್ಟಿದೆ. ಹಿಂಸೆಯಿಲ್ಲದ ಪಾಲನೆ ಮಗುವಿನ ಹಕ್ಕು ಎಂದು ಜರ್ಮನಿಯ ನಾಗರಿಕ ಸಂಹಿತೆಯ 1631ನೆಯ ಕಲಮಿನಲ್ಲಿ 2000ದಲ್ಲಿಯೇ ಬರೆಯಲಾಯಿತು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಂತೂ ಶಿಕ್ಷಣದ ಕಾಯ್ದೆಯೇ ಶಿಕ್ಷೆಯನ್ನು ಹೊರಗೆ ಕಳಿಸಿತು! ಆದರೆ ಏನು ಮಾಡಬಾರದು ಎಂದಷ್ಟೇ ಕಾನೂನು ಹೇಳಬಲ್ಲದು. ಉಳಿದದ್ದು ಮನೆಯವರ ಪಾಲಿಗೆ.

ಪರದೇಶದಲ್ಲಿರುವ ನಮ್ಮ ಮನೆಗಳಲ್ಲಿ ಇದು ಕನ್ನಡಕ್ಕೇ ತಗಲುವ ಮಾತು. ವಾರವೆಲ್ಲ ಜರ್ಮನ್ ಶಾಲೆಯಲ್ಲಿ ಕಳೆದ ಮಗುವನ್ನು ಶನಿವಾರ ಕೂರಿಸಿ, ತಪ್ಪಿದಾಗಲೆಲ್ಲ ಗದರಿ, ವರ್ಣಮಾಲೆಯನ್ನು ಹತ್ತು ಸಲ ಬರೆಸಿದರೆ, ಮಗುವಿಗೆ ಕನ್ನಡವೇ ಒಂದು ಶಿಕ್ಷೆಯಾಗುತ್ತದೆ, ಅದೂ ಕನ್ನಡದ ಅರ್ಥದಲ್ಲಿ. ಶ್ಲೋಕದ ವಿಷಯವೂ ಹಾಗೆಯೇ. ಊರಿನ ಅಜ್ಜಿಯ ಜೊತೆ ಫೋನಿನಲ್ಲಿ ತಾನೇ ಮಾತನಾಡಬೇಕು, ಅಜ್ಜಿ ಹೇಳಿದ ಕಥೆ ಅರ್ಥವಾಗಬೇಕು ಎಂದು ಮಗುವಿಗೇ ಅನ್ನಿಸಿದರೆ ಅದು ಹಳೆಯ ಅರ್ಥದ ಶಿಕ್ಷೆ. ಆ ಆಸೆಯನ್ನು ನಾವು ಕೊಡಲಾರೆವು, ಏಕೆಂದರೆ ಅದು ಮಗುವಿನದು. ಇರುವ ಆಸೆಯನ್ನು ಆರಿಸದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಮುಂದಿನ ಶನಿವಾರ ಪುಸ್ತಕ ತೆಗೆಯುವ ಮೊದಲು ನಾವು ಹಿರಿಯರು ಇದನ್ನೊಮ್ಮೆ ಯೋಚಿಸೋಣ.