ಎರಕ, ಲೇತು ಮತ್ತು ಆಕಾರದ ಪ್ರಶ್ನೆ

ಮನೆಯ ಕಾರ್ಯಾಗಾರದಲ್ಲಿ ಲೋಹದ ಬಿಡಿಭಾಗವೊಂದನ್ನು ಮಾಡಹೊರಟವರ ಮುಂದೆ ಎರಡು ದಾರಿಗಳಿರುತ್ತವೆ: ಲೋಹವನ್ನು ಮೂಸೆಯಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಎರಕ ಒಂದು, ಗಟ್ಟಿ ಲೋಹವನ್ನು ಲೇತಿಗೆ ಕಟ್ಟಿ ಬೇಡದ ಭಾಗವನ್ನು ಹೆರೆದು ತೆಗೆಯುವ ಮಷಿನಿಂಗ್ ಇನ್ನೊಂದು. ಖರ್ಚು ಮತ್ತು ಸಲಕರಣೆಗಳ ಲೆಕ್ಕವೆಂದು ತೋರುವ ಈ ಆಯ್ಕೆಯ ತಳದಲ್ಲಿ, ವಸ್ತುವಿನ ಆಕಾರವು ಅದು ಹುಟ್ಟುವ ಮೊದಲು ಎಲ್ಲಿತ್ತು ಎಂಬ ಹಳೆಯ ದಾರ್ಶನಿಕ ಪ್ರಶ್ನೆಯಿದೆ.

ಎಳ್ಳಿನಲ್ಲಿ ಎಣ್ಣೆ ಇರುವಂತೆ ಕಾರ್ಯವು ಕಾರಣದಲ್ಲಿ ಮೊದಲೇ ಅವ್ಯಕ್ತವಾಗಿದ್ದು, ಪ್ರಯತ್ನದಿಂದ ವ್ಯಕ್ತವಾಗುತ್ತದೆ ಎಂಬುದು ಸಾಂಖ್ಯರ ಸತ್ಕಾರ್ಯವಾದ. ಹುಟ್ಟುವ ಮೊದಲು ಕಾರ್ಯವು ಇರಲೇ ಇಲ್ಲ, ಕಾರಣಗಳೆಲ್ಲ ಕೂಡಿದಾಗ ಹೊಸದಾಗಿ ಆರಂಭವಾಗುತ್ತದೆ ಎಂಬುದು ನ್ಯಾಯ-ವೈಶೇಷಿಕರ ಅಸತ್ಕಾರ್ಯವಾದ. ಗಟ್ಟಿಯೊಳಗೆ ಅಡಗಿದ್ದುದನ್ನು ಬಿಡಿಸುವಂತೆ ತೋರುವ ಮಷಿನಿಂಗ್ ಮೊದಲನೆಯದಕ್ಕೆ ಒಪ್ಪುತ್ತದೆ. ಎರಕದಲ್ಲಾದರೋ ಉಪಾದಾನಕಾರಣವಾದ, ಅಂದರೆ ವಸ್ತುವಿಗೆ ಮೈಯಾಗುವ, ಲೋಹಕ್ಕೆ ತನ್ನದೇ ಆಕಾರವಿಲ್ಲ; ಅದನ್ನು ಕೊಡುವುದು ಹೊರಗಿನ ನಿಮಿತ್ತವಾದ ಅಚ್ಚು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ವಿವರಿಸುವ ವಿಧಾನದಲ್ಲಿ, ಮೇಣದ ವಿಗ್ರಹಕ್ಕೆ ಮಣ್ಣು ಮೆತ್ತಿ, ಮೇಣ ಕರಗಿ ಹರಿದುಹೋದ ಪೊಳ್ಳಿಗೆ ಲೋಹವನ್ನು ತುಂಬಲಾಗುತ್ತದೆ. ಮೊದಲಿನ ದ್ರವ್ಯ ಅಳಿದರೂ ಆಕಾರ ಉಳಿಯುವುದರಿಂದ, ಅದು ಯಾವ ಒಂದು ದ್ರವ್ಯದ ಸೊತ್ತೂ ಅಲ್ಲವೆಂದು ಇಲ್ಲಿ ಕಾಣುತ್ತದೆ.

ಆದರೆ ಕೆಲಸದ ಅನುಭವವು ಯಾವ ಪಕ್ಷವನ್ನೂ ಪೂರ್ಣವಾಗಿ ಗೆಲ್ಲಿಸುವುದಿಲ್ಲ. ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಅಲ್ಯೂಮಿನಿಯಂ, ಎರಕವಾಗಿ ತಣಿಯುವಾಗ ಉದ್ದದಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚು ಕುಗ್ಗುತ್ತದೆ; ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಿಕೊಂಡರೂ, ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗದಷ್ಟೇ ವ್ಯತ್ಯಾಸವನ್ನು ಸಹಿಸುವ ಬೇರಿಂಗಿನ ರಂಧ್ರವನ್ನು ಮರಳಿನ ಅಚ್ಚೊಂದರಿಂದಲೇ ಪಡೆಯಲಾಗದು. 1980ರ ದಶಕದಲ್ಲಿ ಅಮೆರಿಕದ ಡೇವಿಡ್ ಗಿಂಗರಿ ಹವ್ಯಾಸಿಗಳಿಗಾಗಿ ಬರೆದ ಪುಸ್ತಕಗಳು, ಇದ್ದಿಲಿನ ಕುಲುಮೆಯಲ್ಲಿ ಗುಜರಿ ಅಲ್ಯೂಮಿನಿಯಂ ಕರಗಿಸಿ ಲೇತಿನ ಭಾಗಗಳನ್ನು ಎರಕ ಹೊಯ್ದು, ಮುಖಗಳನ್ನು ಕೈಯಿಂದಲೇ ಹೆರೆದು ಸಮಗೊಳಿಸಿ ಜೋಡಿಸುವುದನ್ನು ಕಲಿಸಿದವು. ಅಲ್ಲಿ ಎರಕವು ಮೈಯನ್ನು ಕೊಟ್ಟರೆ, ಹೆರೆಯುವಿಕೆಯು ಹೊಂದಿಕೆಯನ್ನು ಕೊಡುತ್ತದೆ.

ಆದುದರಿಂದ ಬಿಡಿಭಾಗದ ಆಕಾರವು ಲೋಹದೊಳಗೆ ಸಿದ್ಧವಾಗಿಯೂ ಇರುವುದಿಲ್ಲ, ಮಾಡುವವನ ಇಚ್ಛೆಯಿಂದಷ್ಟೇ ಬರುವುದೂ ಇಲ್ಲ. ಇತರ ಭಾಗಗಳೊಡನೆ ಅದು ಕೂಡುವ ಸಂಬಂಧದಲ್ಲಿ ಪೂರ್ಣವಾಗುತ್ತದೆ. ತನ್ನಷ್ಟಕ್ಕೆ ನಿಲ್ಲುವ ಮೈಗೆ ಎರಕವನ್ನೂ, ಇನ್ನೊಂದನ್ನು ಮುಟ್ಟುವ ಮುಖಕ್ಕೆ ಮಷಿನಿಂಗನ್ನೂ ಆರಿಸುವುದೇ ವಸ್ತುವಿಗೆ ಸಲ್ಲಿಸುವ ನ್ಯಾಯ.